ಸೊಳ್ಳೆ, ತಿಗಣೆ, ಉಣ್ಣೆ: ಯಾವುದು ಕಚ್ಚಿದರೆ ಎಷ್ಟು ಹೆದರಬೇಕು?

2023ರ ನವೆಂಬರ್‌ನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು ಟಿವಿಯಲ್ಲಿ ಬಂತಲ್ಲ, ನೆನಪಿದೆಯಾ? ಆಗಸ್ಟ್‌ನಲ್ಲಿ ಅಲ್ಲಿ ಹಿಡಿದಿದ್ದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತ್ತು. ಆ ವಾರ ಟೀ ಅಂಗಡಿಯಲ್ಲಿ ಕೂತರೆ ಬರೀ ಇದೇ ಮಾತು. ಹಾಗಾದರೆ ಏಡ್ಸ್ ಇರೋರನ್ನ ಕಚ್ಚಿದ ಸೊಳ್ಳೆ ನಮ್ಮನ್ನ ಕಚ್ಚಿದರೆ ಅದೂ ಬರುತ್ತೆ ಅಲ್ವಾ ಅಂತ ಒಬ್ಬರು ಕೇಳಿದರು. ಪಕ್ಕದವರು ತಿಗಣೆ ವಿಷಯ ತೆಗೆದರು. ನನಗೂ ಗೊತ್ತಿರಲಿಲ್ಲ, ಸುಮ್ನೆ ಟೀ ಕುಡಿದು ಎದ್ದು ಬಂದೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದು ಇದು.

ಮೊದಲು ಏಡ್ಸ್ ಭಯ ಬಿಡಿ. ಸೊಳ್ಳೆಯ ಮೂತಿಯಲ್ಲಿ ಎರಡು ದಾರಿ ಇವೆ. ಒಂದರಲ್ಲಿ ನಮ್ಮ ರಕ್ತ ಒಳಗೆ ಹೋಗುತ್ತದೆ, ಇನ್ನೊಂದರಲ್ಲಿ ಅದರ ಎಂಜಲು ಹೊರಗೆ ಬರುತ್ತದೆ. ಕುಡಿದ ರಕ್ತವನ್ನ ಅದು ಇನ್ನೊಬ್ಬರಿಗೆ ಚುಚ್ಚುವುದಿಲ್ಲ. ಎಚ್‌ಐವಿ ಸೊಳ್ಳೆಯ ಹೊಟ್ಟೆ ಸೇರಿದರೆ ರಕ್ತದ ಜೊತೆಗೇ ಜೀರ್ಣವಾಗಿ ಹೋಗುತ್ತದೆ. ಡೆಂಗಿ, ಚಿಕೂನ್‌ಗುನ್ಯಾ, ಝೀಕಾದ ಕಥೆ ಬೇರೆ. ಈ ವೈರಸ್‌ಗಳು ಹೊಟ್ಟೆಯ ಗೋಡೆ ದಾಟಿ, ಸೊಳ್ಳೆಯ ಮೈಯೊಳಗೇ ಬೆಳೆದು, ಕೊನೆಗೆ ಎಂಜಲಿಗೆ ಬಂದು ಸೇರುತ್ತವೆ, ಡೆಂಗಿಗೆ ಇಷ್ಟಕ್ಕೆ ಸುಮಾರು 8ರಿಂದ 12 ದಿನ ಬೇಕು, ಆಮೇಲೆ ಆ ಸೊಳ್ಳೆ ಸಾಯೋವರೆಗೂ ಕಚ್ಚಿದವರಿಗೆಲ್ಲ ಹಂಚುತ್ತಾ ಹೋಗಬಹುದು.

ತಿಗಣೆ ಕಚ್ಚಿ ಮನುಷ್ಯರಿಗೆ ವೈರಸ್ ಬಂದಿದ್ದು ಸಾಬೀತಾಗಿಲ್ಲ. ತಲೆಹೇನೂ ಅಷ್ಟೇ. ನಾನೇ ಒಂದು ಲಾಡ್ಜ್‌ನಲ್ಲಿ ರಾತ್ರಿಯೆಲ್ಲ ತಿಗಣೆ ಜೊತೆ ಜಾಗರಣೆ ಮಾಡಿದ್ದೇನೆ, ಎರಡು ವಾರ ಕೆರೆದುಕೊಂಡಿದ್ದೇ ಬಂತು. ಉಣ್ಣೆಗೆ ಎಂಟು ಕಾಲು, ಹಾಗಾಗಿ ಅದು ಕೀಟವೇ ಅಲ್ಲ, ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದೇ. ಮಲೆನಾಡಿನ ಕಾಡು ಸುತ್ತಿ ಬಂದರೆ ಮೈಯೆಲ್ಲ ಒಮ್ಮೆ ನೋಡಿಕೊಳ್ಳಿ. ಇನ್ನು ಹಸುಗಳ ಚರ್ಮಗಂಟು ರೋಗವನ್ನ ಕಚ್ಚುವ ನೊಣ, ಸೊಳ್ಳೆಗಳು ಒಂದರಿಂದ ಇನ್ನೊಂದಕ್ಕೆ ಮೂತಿಯಲ್ಲೇ ಹೊತ್ತೊಯ್ಯುತ್ತವೆ, ಆದರೆ ಅದು ಮನುಷ್ಯರಿಗೆ ಬರುವ ಕಾಯಿಲೆಯಲ್ಲ.

ಹಾಗಾಗಿ ನಮ್ಮ ಮನೆಗಳಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆಗೆ. ಕಪ್ಪು ಮೈ, ಕಾಲಲ್ಲಿ ಬಿಳಿ ಪಟ್ಟೆ, ಕಚ್ಚುವುದು ಹಗಲು. ಬಯಲುಸೀಮೆಯಲ್ಲಿ ನೀರೇ ಇಲ್ಲ, ಸೊಳ್ಳೆ ಎಲ್ಲಿಂದ ಬಂತು ಅಂತೀರಾ? ನೀರಿಲ್ಲ ಅಂತಲೇ ಬಂತು. ನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬಂದರೆ ಡ್ರಮ್ಮು, ಸಂಪು, ಕೊಡ, ಬಕೆಟ್ಟು ಎಲ್ಲಾ ತುಂಬಿಡುತ್ತೇವೆ. ಸೊಳ್ಳೆಗೆ ಬೇಕಾಗಿದ್ದೂ ಅದೇ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ತುಮಕೂರು, ಕೋಲಾರದ ಕಡೆ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದಿದ್ದು ಮರೆತಿಲ್ಲ ತಾನೇ?

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮನೆಯಲ್ಲಿ ಭಾನುವಾರ. ಡ್ರಮ್ಮಿನೊಳಗೆ ಟಾರ್ಚ್ ಬಿಡಿ. ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಹುಳಗಳು, ಅಂದರೆ ಸೊಳ್ಳೆಮರಿಗಳು, ಬೆಳಕು ಬಿದ್ದ ಕೂಡಲೇ ಕೊಂಕುತ್ತಾ ತಳಕ್ಕೆ ಓಡುತ್ತವೆ. ಕಂಡವಾ? ಪೂರ್ತಿ ಬಗ್ಗಿಸಿ, ನೆಲಕ್ಕೋ ಗಿಡದ ಬುಡಕ್ಕೋ ಚೆಲ್ಲಿ, ಚರಂಡಿಗೆ ಬೇಡ.

ನಾನು ಎಡವಿದ್ದು ಇದಾದ ಮೇಲೆ. ಎರಡು ತಿಂಗಳು ತಪ್ಪದೆ ಖಾಲಿ ಮಾಡಿದರೂ ಮೂರು ದಿನಕ್ಕೆ ಮತ್ತೆ ಹುಳ. ಮನೆಗೆ ಬಂದ ಆಶಾ ಕಾರ್ಯಕರ್ತೆ ಒಳಗೆ ಬೆರಳಾಡಿಸಿ, ಗೋಡೆ ಉಜ್ಜಿದ್ರಾ ಅಂದರು. ಉಜ್ಜಿರಲಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ. ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ತುಂಬಿ. ಬಗ್ಗಿಸಲಾಗದ ದನದ ತೊಟ್ಟಿಗೆ ಗಪ್ಪಿ ಮೀನು ಬಿಡಿ. ತೋಟದಲ್ಲಿ ಬಿದ್ದ ತೆಂಗಿನ ಚಿಪ್ಪು, ಹಳೆ ಟೈರು, ಫ್ರಿಜ್ ಹಿಂದಿನ ತಟ್ಟೆ, ಇವನ್ನೂ ನೋಡಿ.

ರೇಷ್ಮೆ ಹುಳ ಸಾಕುವವರಿಗೆ ಒಂದು ಮಾತು. ಸೊಳ್ಳೆ ಬತ್ತಿ, ಸ್ಪ್ರೇ ರೇಷ್ಮೆ ಹುಳಕ್ಕೂ ವಿಷವೇ, ನಿಮಗೆ ಹೇಳಿಕೊಡಬೇಕಿಲ್ಲ. ಉಳಿದಿದ್ದು ಪರದೆ, ಮುಚ್ಚಳ. ರೇಷ್ಮೆ ಹುಳಕ್ಕೆ ಕಾಟ ಕೊಡುವ ಊಜಿ ನೊಣಕ್ಕೆ ಅಂತ ಕಿಟಕಿಗೆಲ್ಲ ಬಲೆ ಹೊಡೆಯುವ ನಾವು ಸಂಪಿನ ಗಾಳಿ ಪೈಪನ್ನ ಬಾಯಿಬಿಟ್ಟೇ ಇಟ್ಟಿರುತ್ತೇವೆ. ಮಿಕ್ಕ ಊಜಿ ಬಲೆ ಕಟ್ಟೋಣ ಅನ್ನಬೇಡಿ, ಕಣ್ಣು ದೊಡ್ಡದಿದ್ದರೆ ಸೊಳ್ಳೆ ಆರಾಮಾಗಿ ನುಸುಳುತ್ತದೆ. ಹಳೆ ಪಂಚೆಯ ತುಂಡು ಸಾಕು, ಬಿಗಿಯಾಗಿ ಕಟ್ಟಿ.

ಗದ್ದೆ, ಹಂದಿ, ಬೆಳ್ಳಕ್ಕಿ ಇರುವ ಕಡೆ ಮೆದುಳು ಜ್ವರದ ಭಯವೂ ಇದೆ. 1970ರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಅದು ಜೋರಾಗಿ ಬಂದಿತ್ತು. ಅದನ್ನ ತರುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ಸಂಜೆ, ರಾತ್ರಿ. ಮಕ್ಕಳಿಗೆ 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆ, ತಪ್ಪಿಸಬೇಡಿ.

ಇಷ್ಟಾದರೂ ಮನೆಯಲ್ಲಿ ಡೆಂಗಿ ಬಂತು ಅಂದುಕೊಳ್ಳಿ. ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆ ಮುಂದಿನ ವಾರ ನಿಮ್ಮನ್ನೋ ಪಕ್ಕದ ಮನೆಯವರನ್ನೋ ಕಚ್ಚುತ್ತದೆ. ಅದಕ್ಕೇ ಜ್ವರದವರನ್ನ ಹಗಲಲ್ಲೂ ಪರದೆಯೊಳಗೇ ಮಲಗಿಸಿ, ಸೆಖೆ ಅಂತ ಬೈದರೂ ಸರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೇನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ರಕ್ತ ಪರೀಕ್ಷೆಗೆ ಹೋದಾಗ ಜ್ವರ ಎಷ್ಟನೇ ದಿನ ಅಂತ ಹೇಳಿ, ಮೊದಲ ಐದು ದಿನ ಎನ್ಎಸ್1 ಅನ್ನೋ ಪರೀಕ್ಷೆ, ಆಮೇಲೆ ಐಜಿಎಂ ಅನ್ನೋದು ಮಾಡುತ್ತಾರೆ. ಜ್ವರ ಇಳಿಯಿತು ಅಂತ ಎಲ್ಲರೂ ನಿರಾಳವಾಗುವ ಹೊತ್ತೇ ಅಪಾಯದ್ದು. ಆಗ ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಗಾಡಿ ತೆಗೆಸಿ.