ಸೇರಿಸಿದ ಮೆಮೊರಿಯ ಲೆಕ್ಕ ಅದರೊಳಗೇ: ತೊಗರಿ ಹಂಗಾಮಿನ ಸರ್ವರ್‌ನಲ್ಲಿ ನನ್ನ ಅನುಭವ

ಓಡುತ್ತಿರುವ ಸಣ್ಣ ಗೆಸ್ಟ್‌ಗೆ (ದೊಡ್ಡ ಸರ್ವರ್‌ನೊಳಗೆ ಓಡುವ ವರ್ಚುವಲ್ ಯಂತ್ರಕ್ಕೆ) ಮೆಮೊರಿ ಸೇರಿಸಿ, ಕೆಲಸ ಮುಗಿದ ಮೇಲೆ ಅದನ್ನು ಮರಳಿ ಪಡೆಯುವುದು ಕಾಗದದ ಮೇಲಷ್ಟೇ ಚೆಂದ, ನಿಜವಾದ ಹೊರೆ ಬಿದ್ದಾಗ ಅದು ತಾಳುವುದಿಲ್ಲ ಎಂದು ಬೆಂಗಳೂರು ಮತ್ತು ಹೈದರಾಬಾದಿನಲ್ಲಿ ಇದೇ ಉದ್ಯೋಗದಲ್ಲಿರುವ ಗೆಳೆಯರು ನನಗೆ ಹಲವು ಬಾರಿ ಹೇಳಿದ್ದರು. ಕಳೆದ ತೊಗರಿ ಹಂಗಾಮಿನಲ್ಲಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ, ಕಲಬುರಗಿಯ ನನ್ನ ಹೋಸ್ಟ್‌ನಲ್ಲಿ (ಗೆಸ್ಟ್‌ಗಳನ್ನು ಹೊತ್ತ ಸರ್ವರ್‌ನಲ್ಲಿ) ಅದು ತಾಳಿತು. ಮೆಮೊರಿ ಏರಿಸಲು ಅಥವಾ ಇಳಿಸಲು ಯಾವ ಗೆಸ್ಟನ್ನೂ ರೀಬೂಟ್ ಮಾಡಬೇಕಾಗಲಿಲ್ಲ. ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಗೆಸ್ಟ್‌ಗಳನ್ನು ಓಡಿಸುವ ಕ್ಯೂಎಮು ಬಳಸಿ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಹಾಟ್‌ಪ್ಲಗ್‌ನ (ಓಡುತ್ತಿರುವಾಗಲೇ ಸೇರಿಸಿ ತೆಗೆಯುವುದರ) ಪೀಠಿಕೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಲಬುರಗಿಯ ಮಾರುಕಟ್ಟೆಯಾದ ನೆಹರು ಗಂಜ್‌ನ ಅಡತ್ (ದಲ್ಲಾಳಿ) ಅಂಗಡಿಗಳು ಮತ್ತು ದಾಲ್ ಮಿಲ್‌ಗಳ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನಡೆಸಿಕೊಡುತ್ತೇನೆ. ಪ್ರತಿ ಗಿರಾಕಿಗೆ ಒಂದೊಂದು ಗೆಸ್ಟ್, ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಟ್ಟು ಇಪ್ಪತ್ತರ ಆಸುಪಾಸು. ಮಳೆಗಾಲದಲ್ಲಿ ಒಂದು ಗೆಸ್ಟ್‌ಗೆ 1 ಜಿಬಿ ಮೆಮೊರಿಯೂ ಹೆಚ್ಚೇ. ತೊಗರಿ ಆವಕ ಆರಂಭವಾಯಿತೆಂದರೆ ತೂಕದ ಚೀಟಿ, ಹಮಾಲಿ, ಕಮಿಷನ್, ಜಿಎಸ್‌ಟಿ ಎಲ್ಲವೂ ಒಂದೇ ಹೊತ್ತಿಗೆ ಬಂದು ಬೀಳುವುದರಿಂದ ಅದೇ ಗೆಸ್ಟ್ 6 ಜಿಬಿ, ಕೆಲವು ದೊಡ್ಡ ಮಿಲ್‌ಗಳದ್ದು 16 ಜಿಬಿ ಕೇಳುತ್ತದೆ. ಮೇ ಮತ್ತು ಜೂನ್ ತಿಂಗಳಲ್ಲಿ ಮಿಲ್‌ಗಳು ತಣ್ಣಗಾಗಿ, ಕಾಲೇಜು ಪ್ರವೇಶದ ಕೆಲಸ ಮಾಡುವ ಗಿರಾಕಿಗಳು ಬಿಸಿಯಾಗುತ್ತಾರೆ. ಒಂದೇ ಮೆಮೊರಿಯನ್ನು ಇವರಿಂದ ಅವರಿಗೆ ತಿರುಗಿಸಬಹುದಾದರೆ ಎರಡನೆಯ ಹೋಸ್ಟ್ ಬೇಕಾಗುವುದಿಲ್ಲ. ಸಿಕಂದರಾಬಾದಿನಲ್ಲಿ ಕೊಂಡ ಹಳೆಯ ಸರ್ವರ್ 128 ಜಿಬಿ ಮೆಮೊರಿಯ ಸಮೇತ ನನಗೆ ಅರವತ್ತೈದು ಸಾವಿರದ ಹತ್ತಿರ ಬಿದ್ದಿತ್ತು. ಇನ್ನೊಂದನ್ನು ತಂದರೆ ಅಷ್ಟೇ ಹಣ, ಅದರ ಮೇಲೆ ಯುಪಿಎಸ್, ನಮ್ಮ ಬೇಸಿಗೆಯ ಬಿಸಿಲಿಗೆ ಹಗಲುರಾತ್ರಿ ಓಡುವ ಎಸಿ, ಆ ಎಸಿಯ ಕರೆಂಟ್ ಬಿಲ್.

ಎಲ್ಲರೂ ಮೊದಲು ಹೇಳಿದ ಉಪಾಯ ಬಲೂನ್: ಪ್ರತಿ ಗೆಸ್ಟನ್ನು 16 ಜಿಬಿಯಿಂದ ಬೂಟ್ ಮಾಡಿ, ಬೇಡವಾದದ್ದನ್ನು ಬಲೂನ್ ಊದಿ (ಗೆಸ್ಟ್‌ನೊಳಗಿನ ಒಂದು ಡ್ರೈವರ್ ಮೆಮೊರಿಯನ್ನು ಹಿಡಿದು ಹೋಸ್ಟ್‌ಗೆ ಬಿಟ್ಟುಕೊಡುತ್ತದೆ) ಹಿಂತೆಗೆದುಕೊಳ್ಳುವುದು. ಇದರ ನಿಜವಾದ ಖರ್ಚನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಎಕ್ಸ್86-64 ಪ್ರೊಸೆಸರ್‌ಗಳಲ್ಲಿ ಪ್ರತಿ 4 ಕೆಬಿ ಪುಟಕ್ಕೆ 64 ಬೈಟ್‌ಗಳ ಒಂದು ಸ್ಟ್ರಕ್ಟ್ ಪೇಜ್ (ಆ ಪುಟದ ಲೆಕ್ಕದ ದಾಖಲೆ) ಬೇಕು, ಅಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು, ಸುಮಾರು 1.6 ಪ್ರತಿಶತ. 16 ಜಿಬಿಗೆ 256 ಎಂಬಿ. ಬಲೂನ್ ಎಷ್ಟೇ ಊದಿದರೂ ಈ ಮೆಟಾಡೇಟಾ ಮರಳಿ ಬರುವುದಿಲ್ಲ. ಮಳೆಗಾಲದಲ್ಲಿ 1 ಜಿಬಿಯಲ್ಲಿ ಕುಳಿತಿರುವ ಗೆಸ್ಟ್ ಕಾಲು ಭಾಗವನ್ನು ಆಗ ಬಳಸದ ಪುಟಗಳ ಲೆಕ್ಕಕ್ಕೇ ಕೊಟ್ಟಿರುತ್ತದೆ. ಇಪ್ಪತ್ತು ಗೆಸ್ಟ್‌ಗಳಿಗೆ ಅದು 5 ಜಿಬಿ. ಇಷ್ಟು ಮೆಮೊರಿಯಲ್ಲಿ ನಾನು ಐದು ಗಿರಾಕಿಗಳನ್ನು ಕೂರಿಸುತ್ತೇನೆ.

ಆದ್ದರಿಂದ ಡಿಮ್ ಹಾಟ್‌ಪ್ಲಗ್‌ಗೆ, ಅಂದರೆ ಓಡುವ ಗೆಸ್ಟ್‌ಗೆ ಕೃತಕ ಮೆಮೊರಿ ಪಟ್ಟಿಗಳನ್ನು (ಡಿಮ್) ಸಿಕ್ಕಿಸುವುದಕ್ಕೆ, ಬಂದೆ. ಮೊದಲ ಹಂಗಾಮಿನಲ್ಲಿ ಅದು ಬಿದ್ದ ರೀತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಸಾಮಾನ್ಯ ವ್ಯವಸ್ಥೆಯಲ್ಲಿ ಹೊಸದಾಗಿ ಬಂದ ಮೆಮೊರಿಯ ಮೆಮ್‌ಮ್ಯಾಪಿಗೆ (ಆ ಸ್ಟ್ರಕ್ಟ್ ಪೇಜ್‌ಗಳ ಸಾಲಿಗೆ) ಬೇಕಾದ ಜಾಗವನ್ನು ಕರ್ನಲ್ ಈಗಾಗಲೇ ಇರುವ ಮೆಮೊರಿಯಿಂದ ತೆಗೆದುಕೊಳ್ಳುತ್ತದೆ. ಕರ್ನಲ್ ಮೆಮೊರಿಯನ್ನು ಸೇರಿಸಿ ತೆಗೆಯುವ ಘಟಕವೇ ಬ್ಲಾಕ್; 128 ಎಂಬಿಯ ಒಂದು ಬ್ಲಾಕ್‌ಗೆ 2 ಎಂಬಿ. ನಾವು ಮೆಮೊರಿ ಸೇರಿಸುವುದೇ ಗೆಸ್ಟ್ ಉಸಿರುಗಟ್ಟಿದಾಗ; ಆ ಹೊತ್ತಿನಲ್ಲಿ 2 ಎಂಬಿಯ ಅಖಂಡ ತುಂಡುಗಳು ಸಿಗುವುದಿಲ್ಲ. ಆಗ ಕರ್ನಲ್ 4 ಕೆಬಿ ಪುಟಗಳಿಗೆ ಇಳಿಯುತ್ತದೆ, ಅವೂ ಮುಗಿದರೆ ಲಾಗ್‌ನಲ್ಲಿ ‘ವಿಮೆಮ್‌ಮ್ಯಾಪ್ ಅಲಾಕ್ ಫೇಲ್ಯೂರ್’ ಎಂಬ ಸಾಲು, ಅದರ ಹಿಂದೆಯೇ ಯಂತ್ರಾಂಶದ ಸುದ್ದಿ ತರುವ ಎಸಿಪಿಐನಿಂದ ‘ಆ್ಯಡ್ ಮೆಮೊರಿ ಫೇಲ್ಡ್’. ಹೋಸ್ಟ್‌ನ ಕಡೆಯಿಂದ ನೋಡಿದರೆ ಡಿಮ್ ಸೇರಿದೆ. ಗೆಸ್ಟ್‌ನೊಳಗೆ ಅದರ ಸುಳಿವಿಲ್ಲ. ನನ್ನ ಬಿಲ್ಲಿಂಗ್ ಹೋಸ್ಟ್‌ನ ಲೆಕ್ಕವನ್ನು ನಂಬಿದ್ದರಿಂದ ಎರಡು ಮಿಲ್‌ಗಳಿಗೆ ಸಿಗದ ಮೆಮೊರಿಗೆ ಬಿಲ್ ಹೋಯಿತು, ಆ ತಿಂಗಳು ಏಳೆಂಟು ಸಾವಿರ ರೂಪಾಯಿ ಮರಳಿಸಿದೆ.

ಮರಳಿ ಪಡೆಯಬೇಕೆಂದರೆ ಬ್ಲಾಕ್‌ಗಳನ್ನು ಮೂವಬಲ್ ಝೋನ್‌ಗೆ (ಬೇರೆಡೆ ಸರಿಸಬಹುದಾದ ಪುಟಗಳಿಗಷ್ಟೇ ಮೀಸಲಾದ ಭಾಗಕ್ಕೆ) ಆನ್‌ಲೈನ್ ಮಾಡಲೇಬೇಕು, ಅಂದರೆ ಬಳಕೆಗೆ ಬಿಡಬೇಕು, ಅದರಿಂದ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ. ಮೆಮ್‌ಮ್ಯಾಪ್ ಕದಲಿಸಲಾಗದ ಹಂಚಿಕೆ. ಮೂವಬಲ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹೀಗಾಗಿ ಸೇರಿಸಿದ ಪ್ರತಿ ಡಿಮ್‌ನ ಭಾರವೂ ಬೂಟ್ ಸಮಯದ ಆ 1 ಜಿಬಿಯ ಮೇಲೆಯೇ ಬೀಳುತ್ತದೆ. ಬ್ಲಾಕ್‌ಗಳನ್ನು ಎಲ್ಲ ಬಗೆಯ ಹಂಚಿಕೆಗೂ ತೆರೆದಿರುವ ನಾರ್ಮಲ್ ಝೋನ್‌ಗೆ ಆನ್‌ಲೈನ್ ಮಾಡಿದರೆ ಮುಂದಿನ ಡಿಮ್‌ನ ಮೆಮ್‌ಮ್ಯಾಪ್ ಹಿಂದಿನ ಡಿಮ್‌ನಲ್ಲಿ ಹೋಗಿ ಕೂರುತ್ತದೆ, ಆಮೇಲೆ ಹಿಂದಿನದನ್ನು ಕೀಳಲು ಬರುವುದಿಲ್ಲ. ಆನ್‌ಲೈನ್ ಮಾಡುವುದನ್ನು ಯುಡೆವ್ (ಹೊಸ ಸಾಧನಗಳನ್ನು ನೋಡಿಕೊಳ್ಳುವ ಸೇವೆ) ನಿಯಮಕ್ಕೆ ಬಿಟ್ಟಾಗ ಇನ್ನೊಂದು ತೊಡಕು ಕಂಡಿತು: ಬ್ಲಾಕ್ ಸೇರಿದೊಡನೆ ಮೆಟಾಡೇಟಾದ ಖರ್ಚು ಬಿದ್ದುಬಿಡುತ್ತದೆ, ಆದರೆ ಹೊರೆಯ ನಡುವೆ ಯುಡೆವ್‌ಗೆ ಸರದಿ ಬರುವವರೆಗೆ ಆ ಮೆಮೊರಿ ಬಳಕೆಗೆ ಸಿಗುವುದಿಲ್ಲ. ಆದ್ದರಿಂದ ಆ ನಿಯಮವನ್ನು ಕಿತ್ತುಹಾಕಿ, ಕರ್ನಲ್‌ನ ಬೂಟ್ ಸಾಲಿನಲ್ಲಿಯೇ ಮೆಮ್‌ಎಚ್‌ಪಿ_ಡಿಫಾಲ್ಟ್_ಸ್ಟೇಟ್=ಆನ್‌ಲೈನ್_ಮೂವಬಲ್ ಎಂದು ಬರೆದೆ.

ಪರಿಹಾರ 2021ರ 5.13 ಆವೃತ್ತಿಯಿಂದಲೇ ಕರ್ನಲ್‌ನಲ್ಲಿದೆ: ಮೆಮೊರಿ_ಹಾಟ್‌ಪ್ಲಗ್.ಮೆಮ್‌ಮ್ಯಾಪ್_ಆನ್_ಮೆಮೊರಿ=1. ಇದನ್ನು ಹೋಸ್ಟ್‌ಗೆ ಅಲ್ಲ, ಗೆಸ್ಟ್‌ನ ಬೂಟ್‌ಲೋಡರ್ ಆದ ಗ್ರಬ್‌ಗೆ ಕೊಡಬೇಕು. ಆಗ ಪ್ರತಿ ಬ್ಲಾಕ್‌ನ ಮೆಮ್‌ಮ್ಯಾಪ್ ಆ ಬ್ಲಾಕ್‌ನ ಮೊದಲ 2 ಎಂಬಿಯಲ್ಲೇ ಕೂರುತ್ತದೆ. ಚೀಲದ ಲೆಕ್ಕದ ಚೀಟಿಯನ್ನು ಅಂಗಡಿಯ ಖಾತೆ ಪುಸ್ತಕದಲ್ಲಿಡದೆ ಅದೇ ಚೀಲದ ಬಾಯಿಗೆ ಕಟ್ಟಿದ ಹಾಗೆ. ಚೀಲ ಹೊರಗೆ ಹೋದರೆ ಚೀಟಿಯೂ ಅದರೊಡನೆ ಹೋಗುತ್ತದೆ. ಕರ್ನಲ್ ಮೆಮೊರಿಯನ್ನೆಲ್ಲ ತಲುಪಲು ಬಳಸುವ ನೇರ ನಕ್ಷೆಯ (ಡೈರೆಕ್ಟ್ ಮ್ಯಾಪ್) ಪೇಜ್ ಟೇಬಲ್‌ಗಳು ಮಾತ್ರ ಈಗಲೂ ಹಳೆಯ ಮೆಮೊರಿಯಿಂದ ಬರುತ್ತವೆ, ಆದರೆ ಅವು ಜಿಬಿಗೆ ಕೆಲವು ಕೆಬಿ ಅಷ್ಟೇ.

ಇದನ್ನು ಪ್ರಯತ್ನಿಸಿ ‘ಏನೂ ಬದಲಾಗಲಿಲ್ಲ’ ಎಂದು ಹೇಳಿದವರಿಗೆ ಏಕೆ ಬದಲಾಗಲಿಲ್ಲ ಎಂಬುದು ನನಗೆ ಕರ್ನಲ್‌ನ ಮೂಲ ಕೋಡನ್ನು ಓದಿದ ಮೇಲೆಯೇ ತಿಳಿಯಿತು. ಆ ಕಾಲದ ಕರ್ನಲ್‌ಗಳಲ್ಲಿ ಸೇರಿಸುವ ಗಾತ್ರ ಒಂದು ಮೆಮೊರಿ ಬ್ಲಾಕ್‌ಗೆ ಸರಿಸಮನಾಗಿದ್ದರೆ ಮಾತ್ರ ಈ ದಾರಿ ತೆರೆಯುತ್ತದೆ. 1 ಜಿಬಿಯ ಡಿಮ್ ಕೊಟ್ಟರೆ ಕರ್ನಲ್ ಯಾವ ಎಚ್ಚರಿಕೆಯನ್ನೂ ಕೊಡದೆ ಹಳೆಯ ಪದ್ಧತಿಗೆ ಮರಳುತ್ತದೆ. ಪ್ಯಾರಾಮೀಟರ್ ಓದಿದರೆ ‘ವೈ’ ಎಂದೇ ತೋರಿಸುತ್ತದೆ. ನನ್ನ ಗೆಸ್ಟ್‌ಗಳು ಡೆಬಿಯನ್ 12ರ 6.1 ಕರ್ನಲ್‌ನಲ್ಲಿದ್ದವು, ಸಣ್ಣ ಗೆಸ್ಟ್‌ಗಳಾದ್ದರಿಂದ ಬ್ಲಾಕ್ 128 ಎಂಬಿ. ಆದ್ದರಿಂದ ಎಲ್ಲ ಡಿಮ್‌ಗಳನ್ನೂ 128 ಎಂಬಿಯವಾಗಿ ಒಡೆದೆ. ಪ್ಯಾರಾಮೀಟರ್ ನಂಬದೆ ಕರ್ನಲ್‌ನ ಝೋನ್‌ಇನ್ಫೋ ಕಡತ ನೋಡಿ: ಒಂದು ಬ್ಲಾಕ್ ಸೇರಿದ ಮೇಲೆ ಮೂವಬಲ್ ಝೋನ್‌ನಲ್ಲಿ ‘ಪ್ರೆಸೆಂಟ್’ (ಇರುವ ಪುಟಗಳು) 32768, ‘ಮ್ಯಾನೇಜ್ಡ್’ (ಹಂಚಲು ಸಿಗುವವು) 32256 ಇದ್ದರೆ ಕೆಲಸ ಆಗಿದೆ. ವ್ಯತ್ಯಾಸದ 512 ಪುಟಗಳೇ ಆ 2 ಎಂಬಿ.

ಅಷ್ಟಾದರೂ 8 ಜಿಬಿಯ ಹತ್ತಿರ ಬಂದು ಮತ್ತೆ ನಿಂತಿತು, ಈ ಬಾರಿ ಹೋಸ್ಟ್‌ನಲ್ಲಿ. ಪ್ರತಿ ಡಿಮ್ ಒಂದು ಮೆಮೊರಿ ಪ್ರದೇಶ; ಗೆಸ್ಟ್‌ನ ನೆಟ್‌ವರ್ಕ್ ಕೆಲಸವನ್ನು ಹೋಸ್ಟ್‌ನ ಕರ್ನಲ್‌ನಲ್ಲೇ ಮಾಡುವ ವಿಹೋಸ್ಟ್‌ನಲ್ಲಿ ಅವುಗಳ ಮಿತಿ, ಮ್ಯಾಕ್ಸ್_ಮೆಮ್_ರೀಜನ್ಸ್, ಮೂಲತಃ 64. ನೆಟ್‌ವರ್ಕ್‌ಗೆ ವಿಹೋಸ್ಟ್ ಬಳಸುವವರೆಲ್ಲರಿಗೂ ಈ ಗೋಡೆ ಅಡ್ಡ ಬರುತ್ತದೆ. ಮಾಡ್ಯೂಲ್ ಆಯ್ಕೆಯಲ್ಲಿ ಅದನ್ನು 509ಕ್ಕೆ ಏರಿಸಿದೆ. ಕ್ಯೂಎಮುವಿನ ಡಿಮ್ ಸ್ಲಾಟ್‌ಗಳ ಮಿತಿ 256, ಅಂದರೆ 128 ಎಂಬಿಯ ತುಂಡುಗಳಲ್ಲಿ 32 ಜಿಬಿ. ಗಂಜ್‌ನ ಯಾವ ಮಿಲ್‌ಗೂ ಅದು ಸಾಲದೆ ಹೋಗಿಲ್ಲ.

ಮೂವಬಲ್ ಝೋನನ್ನು ಎಷ್ಟು ಬೇಕಾದರೂ ಬೆಳೆಸಬಹುದೆಂಬ ಆಸೆಗೆ ಮಾತ್ರ ಈ ಪದ್ಧತಿ ಉತ್ತರವಲ್ಲ. ಮೆಮ್‌ಮ್ಯಾಪ್ ಹೊರಗೆ ಹೋದರೂ ಡೆಂಟ್ರಿ, ಐನೋಡ್ (ಕಡತಗಳ ಹೆಸರು, ವಿವರಗಳ ಲೆಕ್ಕ), ಪೋಸ್ಟ್‌ಗ್ರೆಸ್‌ನ ಪ್ರತಿ ಪ್ರಕ್ರಿಯೆಯ ಪೇಜ್ ಟೇಬಲ್ ಎಲ್ಲವೂ ಬೂಟ್ ಮೆಮೊರಿಯಲ್ಲೇ ಇರಬೇಕು. 1 ಜಿಬಿಯ ಗೆಸ್ಟ್‌ಗೆ 12 ಜಿಬಿ ಮೂವಬಲ್ ಕೊಟ್ಟು ನೋಡಿದಾಗ ಹಲವು ಜಿಬಿ ಖಾಲಿ ಇದ್ದಂತೆಯೇ ಮೆಮೊರಿ ಮುಗಿದಾಗ ಪ್ರಕ್ರಿಯೆಗಳನ್ನು ಕೊಲ್ಲುವ ಒಒಎಂ ಕಿಲ್ಲರ್ ಎದ್ದು ಪೋಸ್ಟ್‌ಗ್ರೆಸ್ ಅನ್ನು ಕೊಂದಿತು. ಮೂವಬಲ್ ಮತ್ತು ಉಳಿದದ್ದರ ಅನುಪಾತ 3:1, ಹೆಚ್ಚೆಂದರೆ 4:1 ಎಂದು ಕರ್ನಲ್ ದಸ್ತಾವೇಜು ಹೇಳುವುದು ನನ್ನ ಹೊರೆಗೆ ಬಹುತೇಕ ಸರಿಹೊಂದಿದೆ. ಈಗ ಸಾಮಾನ್ಯ ಗೆಸ್ಟ್ 2 ಜಿಬಿಯಲ್ಲಿ ಬೂಟ್ ಆಗಿ 8 ಜಿಬಿವರೆಗೆ ಏರುತ್ತದೆ, 16 ಜಿಬಿ ಬೇಕಾದವರದ್ದು 4 ಜಿಬಿಯಿಂದ ಆರಂಭ. ಶೇರ್ಡ್ ಬಫರ್ಸ್ (ಡೇಟಾಬೇಸಿನ ಸ್ವಂತ ಕ್ಯಾಶ್) ಅನ್ನು ಪೋಸ್ಟ್‌ಗ್ರೆಸ್ ಮರು ಆರಂಭಿಸದೆ ಬದಲಿಸಲಾಗದ ಕಾರಣ ಅದನ್ನು ಚಿಕ್ಕದಾಗಿಯೇ ಇಟ್ಟು, ಬಂದ ಮೆಮೊರಿಯೆಲ್ಲ ಪೇಜ್ ಕ್ಯಾಶ್ (ಕರ್ನಲ್‌ನ ಕಡತಗಳ ಕ್ಯಾಶ್) ಮತ್ತು ವರ್ಕ್ ಮೆಮ್‌ಗೆ (ವಿಂಗಡಣೆಯಂತಹ ಕೆಲಸದ ಮೆಮೊರಿಗೆ) ಹೋಗುವಂತೆ ಮಾಡಿದ್ದೇನೆ.

ದಾರಿಯಲ್ಲಿ ಬೇರೆ ಪ್ರಯೋಗಗಳೂ ನಡೆದವು. ಡಿಮ್ ಇಲ್ಲದೆಯೇ ಗೆಸ್ಟ್‌ನ ಮೆಮೊರಿ ಏರಿಳಿಸುವ ವರ್ಟಿಯೊ-ಮೆಮ್ ನಿಜಕ್ಕೂ ಅಚ್ಚುಕಟ್ಟಾದ ಯಂತ್ರ, ಕರ್ನಲ್ 5.8ರಿಂದ ಇದೆ, ಡಿಮ್ ಎಣಿಸುವ ಕಷ್ಟವೂ ಇಲ್ಲ; ಆದರೆ ನಾನು ನಡೆಸುವ ಕರ್ನಲ್‌ಗಳಲ್ಲಿ ಅದು ಮೆಮ್‌ಮ್ಯಾಪನ್ನು ಹೊಸ ಮೆಮೊರಿಯಲ್ಲಿ ಇಡುವುದಿಲ್ಲ, ಆದ್ದರಿಂದ ಸಣ್ಣ ಗೆಸ್ಟ್‌ನಲ್ಲಿ ಹಳೆಯ ಉಸಿರುಗಟ್ಟುವಿಕೆ ಮರಳಿತು. ಬೂಟ್ ಮೆಮೊರಿ ಧಾರಾಳವಾಗಿರುವವರು ಅದನ್ನೇ ಆರಿಸಿಕೊಳ್ಳಲಿ. ಕೀಳಲು ಬಾರದ ಬ್ಲಾಕನ್ನು ಯಾರು ಹಿಡಿದಿದ್ದಾರೆಂದು ಹುಡುಕಲು ಪುಟಗಳ ಹಂಚಿಕೆಯನ್ನು ದಾಖಲಿಸುವ ಪೇಜ್_ಓನರ್=ಆನ್ ಕೊಟ್ಟೆ; ಅದಕ್ಕೆ ಬೇಕಾದ ಪೇಜ್_ಎಕ್ಸ್ಟ್ (ಪ್ರತಿ ಪುಟದ ಹೆಚ್ಚುವರಿ ದಾಖಲೆ) ಬ್ಲಾಕ್‌ನೊಳಗೆ ಕೂರುವುದಿಲ್ಲ, ಬೂಟ್ ಮೆಮೊರಿಯನ್ನೇ ತಿನ್ನುತ್ತದೆ. ಹುಡುಕಾಟ ಮುಗಿದೊಡನೆ ಅದನ್ನು ತೆಗೆಯಬೇಕು. 1 ಜಿಬಿಯ ದೈತ್ಯ ಪುಟಗಳು ಈ ವ್ಯವಸ್ಥೆಯಲ್ಲಿ ಸಿಗಲಾರವು, ಪ್ರತಿ 128 ಎಂಬಿಗೊಮ್ಮೆ ಮೆಮ್‌ಮ್ಯಾಪ್ ಅಡ್ಡ ಕೂತಿರುತ್ತದೆ. ಅವುಗಳನ್ನೇ ನಂಬಿದ ಡೇಟಾಬೇಸ್ ಇರುವವರು ಈ ದಾರಿಗೆ ಬರಬಾರದು.

ಗಿರಾಕಿಯ ಕಡೆಯಿಂದ ಬಂದ ತಕರಾರು ಒಂದೇ. 6 ಜಿಬಿ ಸೇರಿಸಿದರೆ ಗೆಸ್ಟ್‌ನ ಮೆಮ್‌ಟೋಟಲ್ (ಒಟ್ಟು ಮೆಮೊರಿಯ ಅಂಕಿ) ಸುಮಾರು 96 ಎಂಬಿ ಕಡಿಮೆ ಏರುತ್ತದೆ. ಹಳೆಯ ಪದ್ಧತಿಯಲ್ಲಿಯೂ ಅಷ್ಟೇ ಹೋಗುತ್ತಿತ್ತು, ಆದರೆ ‘ಬಳಕೆಯಾದದ್ದು’ ಎಂಬ ಲೆಕ್ಕದಲ್ಲಿ ಮರೆಯಾಗುತ್ತಿತ್ತು. ಒಂದು ಮಿಲ್‌ನ ಮುನೀಮರು ಇದನ್ನು ಹಿಡಿದು, ತೂಕದಲ್ಲಿ ಕಡಿಮೆ ಕೊಟ್ಟಿದ್ದೀರಿ ಎಂದು ಬಿಲ್ ತಡೆದರು. ಅಂದಿನಿಂದ ಬಿಲ್ ಮಾಡುವುದು ಗೆಸ್ಟ್‌ನೊಳಗಿನ ‘ಮ್ಯಾನೇಜ್ಡ್’ ಅಂಕಿಯ ಮೇಲೆ. ಹೋಸ್ಟ್‌ನಲ್ಲಿ ಸೇರಿ ಗೆಸ್ಟ್‌ನಲ್ಲಿ ಕಾಣದ ಡಿಮ್‌ನ ಸಮಸ್ಯೆಗೂ ಅದೇ ಕಾವಲು.

ಮರಳಿ ಪಡೆಯುವಾಗ ಬ್ಲಾಕ್‌ಗಳ ಕ್ರಮದ ಹಂಗಿಲ್ಲ ಎಂಬುದೇ ನನಗೆ ಅತ್ಯಂತ ಹಿಡಿಸಿದ ಗುಣ: ಯಾವುದರ ಲೆಕ್ಕವೂ ಇನ್ನೊಂದರಲ್ಲಿ ಇಲ್ಲದ ಕಾರಣ ಸುಲಭವಾಗಿ ಖಾಲಿಯಾಗುವುದನ್ನು ಮೊದಲು ಕೀಳಬಹುದು. ಯಾವುದು ಸುಲಭವಾಗಿ ಖಾಲಿಯಾಗುತ್ತದೆಂದು ಮುಂಚಿತವಾಗಿ ಅಂದಾಜಿಸುವ ಒಂದು ಸ್ಕ್ರಿಪ್ಟ್ ಇದೆ. ರಾತ್ರಿ ಯಾವ ಕೆಲಸ ಮುಗಿದ ಮೇಲೆ ಅದನ್ನು ಓಡಿಸಬೇಕೆಂಬುದೂ ಅದರ ಜೊತೆಗಿನದ್ದು. ಅವೆರಡೂ ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಕೀಳಲು ಹೊರಟ ಡಿಮ್‌ಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮೊದಲ ಬಾರಿಗೇ ಹೊರಬಂದವು, ಉಳಿದವು ಒಂದೆರಡು ರಾತ್ರಿಗಳಲ್ಲಿ. ನಮ್ಮ ಭಾಗದಲ್ಲಿ ಇದನ್ನು ಇಷ್ಟು ಗಿರಾಕಿಗಳ ಮೇಲೆ ನಡೆಸಿದವರು ಇನ್ನೊಬ್ಬರನ್ನು ನಾನು ಕಂಡಿಲ್ಲ.

6.8ರಿಂದ ಈಚಿನ ಕರ್ನಲ್ ದೊಡ್ಡ ಡಿಮ್ಮನ್ನು ತಾನೇ ಬ್ಲಾಕ್‌ಗಳಾಗಿ ಒಡೆದು ಪ್ರತಿಯೊಂದಕ್ಕೂ ಅದರದೇ ಮೆಮ್‌ಮ್ಯಾಪ್ ಇಡುತ್ತದೆ, ಹಾಗಾಗಿ ಡೆಬಿಯನ್ 13ಕ್ಕೆ ಏರಿಸಿದ ಗೆಸ್ಟ್‌ಗಳಿಗೆ 1 ಜಿಬಿಯ ಡಿಮ್ ಕೊಡಲು ಆರಂಭಿಸಿದ್ದೇನೆ. ಆದರೆ ಅಂತಹ ಡಿಮ್‌ನಲ್ಲಿ ಒಂದೇ ಒಂದು ಬ್ಲಾಕ್ ಹಟ ಹಿಡಿದರೂ ಇಡೀ 1 ಜಿಬಿ ಹೊರಬರುವುದಿಲ್ಲ. ಆದ್ದರಿಂದ ಹಂಗಾಮು ಮುಗಿದ ಮೇಲೆ ಖಂಡಿತವಾಗಿ ಮರಳಿ ಬೇಕಾದ ಭಾಗವನ್ನು ಈಗಲೂ 128 ಎಂಬಿಯ ತುಂಡುಗಳಲ್ಲಿಯೇ ಕೊಡುತ್ತೇನೆ. ವರ್ಷವಿಡೀ ಗೆಸ್ಟ್‌ನಲ್ಲೇ ಉಳಿಯುವ ಭಾಗಕ್ಕೆ ಮಾತ್ರ 1 ಜಿಬಿಯ ಡಿಮ್.