ಹೋಮ್ ಫೋಲ್ಡರನ್ನೇ ಗಿಟ್‌ಗೆ ಹಾಕಿ ಎಲ್ಲಾನೂ ಇಗ್ನೋರ್ ಮಾಡಿದ್ದು

ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಹೋಮ್ ಫೋಲ್ಡರೇ ಒಂದು ಗಿಟ್ ರೆಪೊ (ಗಿಟ್ ಅಂದ್ರೆ ಫೈಲುಗಳ ಬದಲಾವಣೆಯ ಲೆಕ್ಕ ಇಡೋ ಟೂಲು, ಅದು ನೋಡ್ಕೊಳ್ಳೋ ಫೋಲ್ಡರು ರೆಪೊ). ಹೌದು, ಇಡೀ ಹೋಮು. ಸಿಮ್‌ಲಿಂಕ್ (ಬೇರೆ ಕಡೆ ಇರೋ ಫೈಲಿಗೆ ದಾರಿ ತೋರ್ಸೋ ಕೊಂಡಿ) ಹಾಕೋ ಸ್ಕ್ರಿಪ್ಟು, ಅದಕ್ಕೊಂದು ಟೂಲು, ಸೆಟ್ಟಿಂಗ್ಸ್ ಫೈಲುಗಳನ್ನ ಉಳಿಸಿಕೊಳ್ಳೋಕೆ ಆ ರಗಳೆಯೆಲ್ಲ ಬೇಡ ಅಂತ ಪೂರ್ತಿ ಕೆಲ್ಸ, ಗಿಟ್ ಯಾವ್ಯಾವ ಫೈಲನ್ನ ಬಿಟ್ಟುಬಿಡಬೇಕು ಅಂತ ಬರೆಯೋ ಗಿಟ್‌ಇಗ್ನೋರ್ ಫೈಲಿಗೇ ಬಿಟ್ಟಿದೀನಿ. ಮಾಮೂಲಿ ರೆಪೊದಲ್ಲಿ ಬೇಡದ್ದನ್ನ ಬರೀತೀವಲ್ಲ, ಇಲ್ಲಿ ಉಲ್ಟಾ, ಮೊದಲನೇ ಲೈನಲ್ಲೇ /* ಅಂತ ಹಾಕಿ (* ಅಂದ್ರೆ ಯಾವ ಹೆಸರಾದ್ರೂ) ಎಲ್ಲಾನೂ ಬೇಡ ಅಂದ್ಬಿಟ್ಟು ಆಮೇಲೆ ಬೇಕಾದ್ದನ್ನ ಮಾತ್ರ ! ಹಾಕಿ ವಾಪಸ್ ಕರೆಯೋದು.

ಬರೀ * ಯಾಕಲ್ಲ ಅಂದ್ರೆ, ಸ್ಲ್ಯಾಶ್ ಇಲ್ಲದ ಪ್ಯಾಟರ್ನ್ ಎಷ್ಟು ಆಳದಲ್ಲಿದ್ರೂ ಹಿಡಿಯತ್ತೆ, ಫೋಲ್ಡರನ್ನ ವಾಪಸ್ ಕರೆದ್ರೂ ಒಳಗಿನ ಒಂದೊಂದು ಫೈಲೂ ಮತ್ತೆ ಅದರ ಕೈಗೇ ಸಿಗತ್ತೆ. ಶುರುವಲ್ಲೋ ನಡುವಲ್ಲೋ ಸ್ಲ್ಯಾಶ್ ಇದ್ರೆ ಆ ಗಿಟ್‌ಇಗ್ನೋರ್ ಫೈಲ್ ಇರೋ ಜಾಗದಿಂದ ಲೆಕ್ಕ. ಕೊನೇಲಿ ಮಾತ್ರ ಇದ್ರೆ, ಫೋಲ್ಡರ್ ಆಗಿದ್ರಷ್ಟೇ ಹಿಡಿ ಅಂತ, ಆಳ ಎಷ್ಟಾದ್ರೂ ಸರಿ.

!/.ಬ್ಯಾಶ್‌ಆರ್‌ಸಿ, !/.ಗಿಟ್‌ಇಗ್ನೋರ್ ಇವೆಲ್ಲ ಹೋಮಲ್ಲೇ ನೇರವಾಗಿ ಇರೋ ಫೈಲುಗಳು, ಸಲೀಸು. ಮಜಾ ಇರೋದು ಒಳಗಿರೋ ಫೈಲುಗಳದ್ದು. ನಿಯೋವಿಮ್ ಅನ್ನೋ ಟೆಕ್ಸ್ಟ್ ಎಡಿಟರಿನ ಸೆಟ್ಟಿಂಗ್ಸು .ಕಾನ್ಫಿಗ್ ಒಳಗಿನ ಎನ್‌ವಿಮ್ ಫೋಲ್ಡರಲ್ಲಿರತ್ತೆ, ನೇರವಾಗಿ !/.ಕಾನ್ಫಿಗ್/ಎನ್‌ವಿಮ್/ ಅಂತ ಬರೆದ್ರೆ ಏನೂ ಆಗಲ್ಲ, ಎರರ್ ಕೂಡ ಬರಲ್ಲ. ಮೇಲಿನ ಫೋಲ್ಡರ್ ಇಗ್ನೋರ್ ಆಗಿದ್ರೆ ಗಿಟ್ ಅದರೊಳಗೆ ಇಣುಕೋದೇ ಇಲ್ಲ, ಗೇಟಿಗೇ ಬೀಗ ಹಾಕಿರುವಾಗ ಅಡುಗೆಮನೆ ಬಾಗಿಲು ತೆಗೆದಿಟ್ಟು ಏನ್ ಬಂತು. ಅದಕ್ಕೇ ಒಂದೊಂದೇ ಮೆಟ್ಟಿಲು ಇಳೀಬೇಕು:

/*
!/.ಕಾನ್ಫಿಗ್/
/.ಕಾನ್ಫಿಗ್/*
!/.ಕಾನ್ಫಿಗ್/ಎನ್‌ವಿಮ್/

ಈ ಆರ್ಡರ್ ಅದಲುಬದಲು ಮಾಡೋ ಹಾಗಿಲ್ಲ, ಒಂದೇ ಫೈಲಲ್ಲಿ ಕೊನೆಗೆ ಮ್ಯಾಚ್ ಆದ ಲೈನೇ ಗೆಲ್ಲೋದು. ಹಾಗೆ ಇಣುಕದೇ ಇರೋದ್ರಿಂದ ಒಂದು ಲಾಭಾನೂ ಇದೆ, ಡೌನ್‌ಲೋಡ್ಸ್, ಕ್ಯಾಶ್ ಎಲ್ಲ ಎಷ್ಟೇ ಊದಿಕೊಂಡಿದ್ರೂ ಗಿಟ್ ಸ್ಟೇಟಸ್ (ಏನೇನು ಬದಲಾಗಿದೆ ಅಂತ ತೋರ್ಸೋ ಕಮಾಂಡು) ಅದನ್ನೆಲ್ಲ ತಡಕ್ತಾ ಕೂರಲ್ಲ.

ಇಷ್ಟೆಲ್ಲ ಯಾಕೆ, ಗಿಟ್ ಆಡ್ -ಎಫ್ (ಇಗ್ನೋರ್ ಆಗಿದ್ರೂ ಬಲವಂತವಾಗಿ ಸೇರಿಸೋ ಕಮಾಂಡು) ಹೊಡೆದ್ರೆ ಆಯ್ತಲ್ಲ ಅಂತಾರೆ ಕೆಲವರು. ಆಗತ್ತೆ, ಒಮ್ಮೆ ಟ್ರ್ಯಾಕ್ ಆದ ಫೈಲಿಗೆ ಇಗ್ನೋರ್ ರೂಲು ತಗಲೋದೇ ಇಲ್ಲ, ಆದ್ರೆ ನಾಳೆ ಅದೇ ಫೋಲ್ಡರಲ್ಲಿ ಹೊಸ ಫೈಲ್ ಮಾಡಿದ್ರೆ ಸ್ಟೇಟಸ್‌ನಲ್ಲಿ ಸುಳಿವೇ ಸಿಗಲ್ಲ, ಹಾಗಾಗಿ ನಂಗೆ ಅದು ಹಿಡಿಸಲ್ಲ. ಯಾವ ಲೈನ್ ಯಾವ ಪಾತ್ ಹಿಡೀತಿದೆ ಅಂತ ಡೌಟ್ ಬಂದ್ರೆ ಗಿಟ್ ಚೆಕ್-ಇಗ್ನೋರ್ -ವಿ ಅಂತ ಕೊಟ್ಟು ಮುಂದೆ ಪಾತ್ ಹಾಕ್ತೀನಿ, ಯಾವ ಫೈಲು, ಎಷ್ಟನೇ ಲೈನು, ಯಾವ ಪ್ಯಾಟರ್ನು, ಎಲ್ಲ ಹೇಳತ್ತೆ.

ಈ ಥರ ಇಟ್ಕೊಳ್ಳೋರು ಹೋಮಲ್ಲಿ ಕೂತು ಗಿಟ್ ಕ್ಲೀನ್ -ಎಫ್‌ಡಿಎಕ್ಸ್ (ಗಿಟ್ ಟ್ರ್ಯಾಕ್ ಮಾಡದ ಫೈಲು, ಫೋಲ್ಡರ್ ಅಳಿಸೋ ಕಮಾಂಡು) ಮಾತ್ರ ಹೊಡೀಬೇಡಿ. ಎಕ್ಸ್ ಅಂದ್ರೆ ಇಗ್ನೋರ್ ಆಗಿರೋದನ್ನೂ ಅಳಿಸು ಅಂತ, ಇಲ್ಲಿ ಇಗ್ನೋರ್ ಆಗಿರೋದು ಫೋಟೋ, ಡಾಕ್ಯುಮೆಂಟ್ ಎಲ್ಲಾನೂ.