ದೇವಶಾಸ್ತ್ರ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್: ಮಡಿಕೇರಿಯಿಂದ ನಾನು ಹುಡುಕುವ ಬಗೆ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಕೊಡಗಿನಲ್ಲಿ ನಡೆಸಿದ ಕೆಲಸದ ಕುರಿತು ನಾನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಇದಕ್ಕೆ ಬೇಕಾದ ಪುಸ್ತಕಗಳು ಮಂಗಳೂರು, ಬೆಂಗಳೂರುಗಳ ದೇವಶಾಸ್ತ್ರ ಕಾಲೇಜುಗಳ ಗ್ರಂಥಾಲಯಗಳಲ್ಲಿವೆಯೇ ಹೊರತು ಮಡಿಕೇರಿಯಲ್ಲಿ ಸಿಗುವುದಿಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸಂಪಾಜೆ ಘಾಟಿಯ ರಸ್ತೆಯನ್ನು ನಂಬಿ ಹೊರಡುವಂತೆಯೂ ಇಲ್ಲ. ಆದ್ದರಿಂದ ಯಾವ ಪುಸ್ತಕ ಬೇಕು, ಅದು ಯಾವ ಸಂಖ್ಯೆಯಡಿ ಇದೆ ಎಂಬುದನ್ನು ಮನೆಯಲ್ಲೇ ಖಚಿತಪಡಿಸಿಕೊಂಡು ಹೊರಡುವ ಪದ್ಧತಿಯನ್ನು ರೂಢಿಸಿಕೊಂಡಿದ್ದೇನೆ.

ಕ್ಯಾಟಲಾಗ್ ಎಂದರೆ ಗ್ರಂಥಾಲಯದ ಪುಸ್ತಕಗಳ ಪಟ್ಟಿ; ಅದು ಪುಸ್ತಕದ ಒಳಗಿನ ಬರಹವನ್ನು ಓದುವುದಿಲ್ಲ. ಗ್ರಂಥಪಾಲಕರು ಆ ಪುಸ್ತಕಕ್ಕಾಗಿ ಬರೆದಿಟ್ಟ ದಾಖಲೆಯನ್ನು, ಅಂದರೆ ಲೇಖಕರ ಹೆಸರು, ಶೀರ್ಷಿಕೆ, ಪ್ರಕಾಶನದ ವಿವರ ಮತ್ತು ವಿಷಯ ಶೀರ್ಷಿಕೆಗಳನ್ನು (ಪುಸ್ತಕ ಯಾವುದರ ಕುರಿತು ಎಂದು ಸೂಚಿಸುವ ನಿಗದಿತ ಪದಗಳನ್ನು) ಮಾತ್ರ ಹುಡುಕುತ್ತದೆ. ಹೀಗಾಗಿ ನನಗೆ ತೋಚಿದ ಪದಕ್ಕಿಂತ ಆ ದಾಖಲೆಯಲ್ಲಿ ಇರಬಹುದಾದ ಪದವೇ ಮುಖ್ಯ. ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದ ಹೆಸರು ‘ಕೂರ್ಗ್ ಮೆಮೋಯಿರ್ಸ್’. ಅವರೇ ವೈಟ್‌ಬ್ರೆಖ್ಟ್ ಅವರೊಡನೆ 1866ರಲ್ಲಿ ಬಾಸೆಲ್‌ನಲ್ಲಿ ಹೊರತಂದ ಜರ್ಮನ್ ಪುಸ್ತಕದ ಹೆಸರು ‘ದಾಸ್ ಕುರ್ಗ್‌ಲಾಂಡ್’ ಎಂದು ಆರಂಭವಾಗುತ್ತದೆ. ಇಂಗ್ಲಿಷಿನಲ್ಲಿ ‘ಸಿ’ ಅಕ್ಷರದಿಂದ ಬರೆಯುವ ಊರಿನ ಹೆಸರನ್ನು ಜರ್ಮನ್ನರು ‘ಕೆ’ಯಿಂದ ಬರೆದಿರುವುದರಿಂದ ಒಂದು ರೂಪದಲ್ಲಿ ಶೀರ್ಷಿಕೆಯನ್ನು ಹುಡುಕಿದರೆ ಇನ್ನೊಂದು ಕಾಣುವುದಿಲ್ಲ. ನಾನು ಕೂರ್ಗ್, ಕುರ್ಗ್, ಕೊಡಗು ಮೂರನ್ನೂ ರೋಮನ್ ಲಿಪಿಯಲ್ಲಿ ಬರೆದು ನಡುವೆ ‘ಆರ್’ (ಅಥವಾ) ಎಂಬ ಇಂಗ್ಲಿಷ್ ಸಂಯೋಜಕವನ್ನು ದೊಡ್ಡಕ್ಷರಗಳಲ್ಲಿ ಹಾಕುತ್ತೇನೆ. ಜರ್ಮನ್ ಶೀರ್ಷಿಕೆಯಲ್ಲಿ ಊರಿನ ಹೆಸರು ಮುಂದಿನ ಪದದೊಡನೆ ಕೂಡಿಕೊಂಡಿರುವುದರಿಂದ ಕುರ್ಗ್ ಎಂಬುದರ ಕೊನೆಗೆ ನಕ್ಷತ್ರ ಚಿಹ್ನೆಯನ್ನೂ ಸೇರಿಸುತ್ತೇನೆ. ಅನೇಕ ಕ್ಯಾಟಲಾಗ್‌ಗಳಲ್ಲಿ ಅದು ಪದದ ಮುಂದುವರಿಕೆಗಳನ್ನೆಲ್ಲ ಹಿಡಿದು ತರುತ್ತದೆ. ಮೊಗ್ಲಿಂಗ್ ಅವರ ಹೆಸರನ್ನು ಎರಡು ಚುಕ್ಕಿಯ ‘ಓ’ದಿಂದಲೂ, ‘ಓ’ ಮತ್ತು ‘ಇ’ ಜೋಡಿಸಿಯೂ ಹುಡುಕುವುದು ಒಳ್ಳೆಯದು.

ಇಷ್ಟರಲ್ಲಿ ಒಂದಾದರೂ ಸರಿಯಾದ ಪುಸ್ತಕ ಸಿಕ್ಕಿದರೆ ನಿಜವಾದ ಹುಡುಕಾಟ ಅಲ್ಲಿಂದ ಆರಂಭವಾಗುತ್ತದೆ. ಫಲಿತಾಂಶದ ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋಗುವುದಕ್ಕಿಂತ ಆ ಒಂದು ಪುಸ್ತಕದ ಪೂರ್ಣ ದಾಖಲೆಯನ್ನು ತೆರೆದು ವಿಷಯ ಶೀರ್ಷಿಕೆಗಳನ್ನು ಓದುವುದು ಎಷ್ಟೋ ಪಾಲು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಮೊದಲು ‘ಮಿಷನ್ಸ್’, ಅನಂತರ ದೇಶ, ಅನಂತರ ಪ್ರಾಂತ್ಯ ಎಂಬ ಕ್ರಮದಲ್ಲಿ ಶೀರ್ಷಿಕೆ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಯಾವ ಭಾಷೆಯಲ್ಲಿದ್ದರೂ, ಹೆಸರಿನಲ್ಲಿ ಕೊಡಗಿನ ಸುಳಿವೇ ಇಲ್ಲದಿದ್ದರೂ, ಅದೇ ವಿಷಯಕ್ಕೆ ಸೇರಿಸಿದ ಪುಸ್ತಕಗಳೆಲ್ಲ ಒಟ್ಟಿಗೆ ಬರುತ್ತವೆ.

ಸತ್ಯವೇದದ ವ್ಯಾಖ್ಯಾನಗಳನ್ನು ಹುಡುಕಿಕೊಡಿ ಎಂದು ನನ್ನನ್ನು ಕೇಳುವ ಯುವ ಸಭಾಪಾಲಕರಿಗೂ ಇದೇ ದಾರಿಯನ್ನು ತೋರಿಸುತ್ತೇನೆ. ‘ಕೀರ್ತನೆಗಳು’ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದವೊಂದನ್ನೇ ಕೊಟ್ಟರೆ ಹಾಡಿನ ಪುಸ್ತಕಗಳೂ ಧ್ಯಾನದ ಪುಸ್ತಕಗಳೂ ರಾಶಿಯಾಗಿ ಬರುತ್ತವೆ. ಸುಧಾರಿತ ಹುಡುಕಾಟದಲ್ಲಿ ವಿಷಯದ ಖಾನೆಯನ್ನು ಆರಿಸಿ, ಬೈಬಲ್, ಆ ಬಳಿಕ ಗ್ರಂಥದ ಹೆಸರು, ಕೊನೆಗೆ ‘ಕಾಮೆಂಟರೀಸ್’ ಎಂದು ಕೊಟ್ಟರೆ ವ್ಯಾಖ್ಯಾನಗಳು ಮಾತ್ರ ಉಳಿಯುತ್ತವೆ. ಹಳೆಯ ದಾಖಲೆಗಳಲ್ಲಿ ಬೈಬಲ್ ಮತ್ತು ಗ್ರಂಥದ ಹೆಸರಿನ ನಡುವೆ ಹಳೆಯ ಅಥವಾ ಹೊಸ ಒಡಂಬಡಿಕೆಯನ್ನು ಸೂಚಿಸುವ ಎರಡಕ್ಷರದ ಸಂಕ್ಷೇಪ ಇರುತ್ತದೆ. 2013ರ ಸುಮಾರಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಾಖಲೆ ಬರೆಯುವ ಹೊಸ ನಿಯಮಗಳನ್ನು ಅಳವಡಿಸಿಕೊಂಡ ಮೇಲೆ ಅದನ್ನು ಕೈಬಿಡಲಾಯಿತು. ಎರಡೂ ಬಗೆಯ ದಾಖಲೆಗಳು ಒಂದೇ ಗ್ರಂಥಾಲಯದಲ್ಲಿ ಉಳಿದಿರಬಹುದಾದ್ದರಿಂದ ಎರಡನ್ನೂ ನೋಡಬೇಕು.

ಕನ್ನಡ ಪುಸ್ತಕಗಳ ವಿಷಯದಲ್ಲಿ ಹೆಚ್ಚಿನ ತಾಳ್ಮೆ ಬೇಕಾಗುತ್ತದೆ. ಅನೇಕ ದಾಖಲೆಗಳಲ್ಲಿ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಷ್ಟೇ ಇವೆ, ದೀರ್ಘಸ್ವರಗಳಿಗೆ ಮೇಲೆ ಗೆರೆ ಎಳೆದು ಬರೆಯಲಾಗಿದೆ. ಆದ್ದರಿಂದ ಮೊದಲು ಕನ್ನಡ ಲಿಪಿಯಲ್ಲಿ, ಆಮೇಲೆ ಗೆರೆಗಳನ್ನು ಬಿಟ್ಟು ರೋಮನ್ ಲಿಪಿಯಲ್ಲಿ ಹುಡುಕಿ, ಕೊನೆಗೆ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಇಟ್ಟು ಪ್ರಕಾಶನದ ವರ್ಷವನ್ನು 1900ಕ್ಕೆ ಮೊದಲು ಎಂದು ಮಿತಿಗೊಳಿಸುತ್ತೇನೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಪುಸ್ತಕಗಳನ್ನು ಹೊರತೆಗೆಯಲು ಈ ಕೊನೆಯ ಉಪಾಯವೇ ನನಗೆ ಹೆಚ್ಚು ಒದಗಿದೆ.

ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಗ್ರಂಥಾಲಯದ ಕ್ಯಾಟಲಾಗ್ ಸಾಮಾನ್ಯವಾಗಿ ಒಂದೊಂದಾಗಿ ದಾಖಲಿಸುವುದಿಲ್ಲ. ಪತ್ರಿಕೆಯ ಹೆಸರನ್ನಷ್ಟೇ ತೋರಿಸುತ್ತದೆ. ಲೇಖನಗಳಿಗಾಗಿ ನಾನು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ‘ಇಂಡೆಕ್ಸ್ ಥಿಯೊಲಾಜಿಕಸ್’ ಎಂಬ ಆನ್‌ಲೈನ್ ಲೇಖನಸೂಚಿಯನ್ನು ನೋಡುತ್ತೇನೆ. ಅದರಲ್ಲಿ ಹುಡುಕಲು ಶುಲ್ಕವಿಲ್ಲ. ಅಲ್ಲಿ ಸಿಕ್ಕ ಪತ್ರಿಕೆಯ ಹೆಸರು ಮತ್ತು ಸಂಪುಟವನ್ನು ಹಿಡಿದು ಮತ್ತೆ ಕ್ಯಾಟಲಾಗ್‌ಗೆ ಬರುತ್ತೇನೆ.

ಹೊರಡುವ ಮುನ್ನ, ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತಿಳಿಸುವ ಕಾಲ್ ನಂಬರ್‌ಗಳನ್ನು ಬರೆದುಕೊಂಡು, ಪುಸ್ತಕ ಎರವಲು ಹೋಗಿದೆಯೇ, ಸಂದರ್ಭ ವಿಭಾಗದಲ್ಲಿದೆಯೇ ಎಂಬುದನ್ನು ದಾಖಲೆಯ ಕೆಳಗೆ ನೋಡುತ್ತೇನೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ಪದ್ಧತಿಯ ಗ್ರಂಥಾಲಯವಾದರೆ ಮಿಷನ್ ಕಾರ್ಯದ ಪುಸ್ತಕಗಳು 266ರಲ್ಲಿ, ಭಾರತದ ಕ್ರೈಸ್ತ ಸಭೆಯ ಚರಿತ್ರೆ 275.4ರಲ್ಲಿ ಇರುತ್ತವೆಯಾದ್ದರಿಂದ ಎರಡೂ ಕಪಾಟುಗಳಿಗೆ ಸಮಯವನ್ನು ತೆಗೆದಿರಿಸುತ್ತೇನೆ. ಹಳೆಯ ಪುಸ್ತಕಗಳನ್ನು ಬೀಗದ ಕೋಣೆಯಲ್ಲಿ ಇಟ್ಟಿರುವ ಕಡೆ ಅನುಮತಿ ಬೇಕಾಗುವುದರಿಂದ, ಅವುಗಳ ಸಂಖ್ಯೆಗಳನ್ನು ಗ್ರಂಥಪಾಲಕರಿಗೆ ಮೊದಲೇ ಇಮೇಲ್ ಮಾಡಿ, ಉತ್ತರ ಬಂದ ಮೇಲೆಯೇ ಬಸ್ಸಿನ ಟಿಕೆಟ್ ತೆಗೆಯುತ್ತೇನೆ.